ಪೈ ದಿನದ ರೊಟ್ಟಿಗೆ ಅರಿಶಿನ ಕುಂಕುಮ

ಕೇಳಿ ಗೆಳೆಯರೇ, ಇವತ್ತು ಗಣಿತದ ಪೈ ದಿನವೆಂದು ನನ್ನ ಮಗಳು ನಮ್ಮವ್ವ ಬಡಿದ ಜೋಳದ ರೊಟ್ಟಿಯ ಅಂಚಿಗೆ ದಾರ ಸುತ್ತಿದಳು. ಸುತ್ತಳತೆಯನ್ನು ಅಡ್ಡಳತೆಯಿಂದ ಭಾಗಿಸಿದರೆ ಮೂರು ಚಿಲ್ಲರೆ ಬರಬೇಕಂತೆ.

"ಬರಲಿಲ್ಲಂದ್ರ?" ಅವ್ವ ಕೇಳಿದಳು.

"ನಿನ್ನ ರೊಟ್ಟಿ ದುಂಡಗ ಇಲ್ಲ ಅಂತ ಅರ್ಥ, ಅಜ್ಜಿ."

ಇಡೀ ಅಕ್ಕಿಆಲೂರಿನಲ್ಲಿ ತನ್ನಷ್ಟು ದುಂಡಗೆ ರೊಟ್ಟಿ ಬಡಿಯುವವರಿಲ್ಲ ಎಂಬುದು ಅವ್ವನ ನಂಬಿಕೆ. ಮಗಳು ದಾರ ಬಿಚ್ಚಿ ಸ್ಕೇಲಿಗೆ ಹಿಡಿಯಬೇಕು ಅನ್ನುವಷ್ಟರಲ್ಲಿ ಅವ್ವ ಕೈ ಹಿಡಿದಳು.

"ಬಿಚ್ಚಬ್ಯಾಡ! ದಾರ ಸುತ್ತಿದ ಮ್ಯಾಲ ಅದು ದೇವರದಾತು."

ಅರಿಶಿನ, ಕುಂಕುಮ ಹಚ್ಚಿ ರೊಟ್ಟಿಯನ್ನು ದೇವರ ಜಗಲಿಯ ಮೇಲೆ ಇಟ್ಟೇಬಿಟ್ಟಳು.

"ಹೋಗ್ಲಿ, ಇನ್ನೊಂದು ಕೊಡು ಅಜ್ಜಿ."

ಇನ್ನೊಂದು ಬಂತು, ಎರಡು ತುಂಡಾಗಿ.

"ಕೂಸಿಗೆ ತಿನ್ನಾಕ ಹಗೂರ ಆಗ್ಲಿ ಅಂತ ಮುರಿದೇನಿ."

ನನ್ನ ತಾಟಿಗೂ, ಅಪ್ಪನ ತಾಟಿಗೂ ಮುರಿದ ರೊಟ್ಟಿಯೇ ಬಿತ್ತು.

"ಅಪ್ಪಾ, ನೀವರ ಹೇಳ್ರಿ, ಅವ್ವನ ರೊಟ್ಟಿ ದುಂಡಗ ಇರ್ತಾವೇನು?"

ಅಪ್ಪ ಒಲೆಯ ಕಡೆ ನೋಡಿದರು. "ನನ್ನ ಊಟ ಮುಗೀಲಿ ತಡಿ, ಆಮ್ಯಾಲ ಕೇಳು."

ಸದ್ಯಕ್ಕೆ ನಮ್ಮ ಮನೆಯಲ್ಲಿ ಉಳಿದಿರುವುದು ಒಂದೇ ವೃತ್ತ. ಅದಕ್ಕೂ ಅವ್ವ ಈಗ ಊದಿನಕಡ್ಡಿ ಬೆಳಗುತ್ತಿದ್ದಾಳೆ.