ಮಗಳಿಲ್ಲದ ಮನೆಗೆ ಬಂದ ಅಳಿಯ

ಕಳೆದ ಸೋಮವಾರ ನಮ್ಮ ಮನೆಗೆ ಅಳಿಯ ಬಂದ. ಬಂದವನು ಕಾಲು ತೊಳೆದುಕೊಂಡ, ಪಡಸಾಲೆಯ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಮುಂದಿಟ್ಟ ಹೋಳಿಗೆಯ ತಾಟನ್ನು ನೋಡಿ ಮುಖ ಗಂಟು ಹಾಕಿದ. "ಅತ್ತೀ, ತುಪ್ಪ?" ಎಂದ.

ನನಗೆ ಮಗಳೇ ಇಲ್ಲ. ಇರುವವರು ಇಬ್ಬರು ಗಂಡುಮಕ್ಕಳು, ಇಬ್ಬರೂ ಹೈದರಾಬಾದಿನಲ್ಲಿ ಓದುತ್ತಾರೆ (ಓದುತ್ತೇವೆ ಎಂದು ಹೇಳುತ್ತಾರೆ). ಹೀಗಿರುವಾಗ ಈ ಅಳಿಯ ಎಲ್ಲಿಂದ ಉದುರಿದ? ಅದನ್ನೇ ಇವತ್ತು ಹೇಳಲು ಹೊರಟಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅಂಕುಡೊಂಕಾಗಿದ್ದರೆ ಅಚ್ಚಿನ ಮೊಳೆ ಜೋಡಿಸುವವರು ಸಹಿಸಿಕೊಳ್ಳಬೇಕು.

ನಮ್ಮ ಮನೆಯವರ ಗುಣ ನನ್ನ ಓದುಗರಿಗೆ ಗೊತ್ತೇ ಇದೆ. ಲಿಂಗಸುಗೂರಿನಲ್ಲಿ ವಕೀಲರು. ಬೇರೆ ವಕೀಲರು ಗೆದ್ದ ಕೇಸಿನಿಂದ ಮನೆಗೆ ಏನಾದರೂ ತರುತ್ತಾರೆ. ಇವರು ಸೋತ ಕೇಸುಗಳನ್ನೇ ಮನೆಗೆ ಕರೆತರುತ್ತಾರೆ. ಸಜಾ ಮುಗಿಸಿ ಹೊರಬಿದ್ದ ಹೆಂಗಸು, ಊರು ಸೇರಿಸದ ಹೆಂಗಸು, ಯಾರಾದರೂ ಸರಿ, "ಹಿತ್ತಲ ಕೋಣಿ ಖಾಲೀನ ಅದಲ್ಲ" ಎನ್ನುತ್ತಾರೆ. ಆ ಕೋಣೆ ಖಾಲಿ ಇದ್ದುದನ್ನು ನಾನಂತೂ ಕಂಡಿಲ್ಲ. ಒಬ್ಬಳು ಹೋಗಿ ಸಿಂಧನೂರಿನಲ್ಲಿ ಖಾನಾವಳಿ ಇಟ್ಟಳು. ಇನ್ನೊಬ್ಬಳು ಹತ್ತಿ ಜಿನ್ನಿಗೆ ಕೆಲಸಕ್ಕೆ ಸೇರಿದಳು. ಅವಳ ಚಾಪೆ ಸುತ್ತಿಡುವಷ್ಟರಲ್ಲಿ ಮತ್ತೊಬ್ಬಳು ಬಂದಳು. ಆ ಮತ್ತೊಬ್ಬಳೇ ಹುಲಿಗೆಮ್ಮ.

ಹುಲಿಗೆಮ್ಮ ಇವರಿಗೆ ಸಿಕ್ಕಿದ್ದು ಮಸ್ಕಿಯಲ್ಲಿ. ಸಿಂಧನೂರಿನಿಂದ ಬರುವ, ಇದ್ದಿಲಿನಲ್ಲಿ ಓಡುವ ಮೋಟಾರು ಬಸ್ಸು ಎಂದಿನಂತೆ ಅಲ್ಲಿ ಕೆಮ್ಮಿ ನಿಂತಿತ್ತು (ಪೆಟ್ರೋಲೆಲ್ಲ ಲಡಾಯಿಗೆ ಹೋಯಿತಂತೆ, ನಮ್ಮ ಪಾಲಿಗೆ ಹೊಗೆ ಉಳಿಯಿತು). ಇವರು ಗುಡ್ಡದ ಕೆಳಗಿನ ಛತ್ರಕ್ಕೆ ನೀರು ಕುಡಿಯಲು ಹೋದರೆ ಮೂಲೆಯಲ್ಲಿ ಒಬ್ಬ ಹೆಂಗಸು ಹರಕು ಕೌದಿ ಹೊದ್ದು ಕೂತಿದ್ದಾಳೆ. "ನೀ ಗೊರೇಬಾಳದಾಕಿ ಅಲ್ಲೇನು?" ಎಂದು ಕೇಳಿದರಂತೆ. ತಾವೇ ವಾದಿಸಿ ತಾವೇ ಸೋತ ಕೇಸು, ಗುರುತು ಹತ್ತದೆ ಇರುತ್ತದೆಯೇ?

ಕೇಸಾದರೂ ಏನು? ಗೊರೇಬಾಳದ ಅಮರಪ್ಪ ಎಂಬ ಕುರಿಗಾರ ಹೊಲದ ಗುಡಿಸಲಿನಲ್ಲಿ ಕಳ್ಳಬಟ್ಟಿ ಕಾಯಿಸುತ್ತಿದ್ದ. ಅಬಕಾರಿ ಜವಾನರು ಬಂದು, ಈ ಮಡಿಕೆ ಯಾರದು ಎಂದು ಗದರಿದರು. ಅಮರಪ್ಪ ಕುರಿಗಳ ಕಡೆಗೆ ಮುಖ ತಿರುಗಿಸಿದ. ಅವನ ಹೆಂಡತಿ ಹುಲಿಗೆಮ್ಮ "ನಂದು" ಎಂದಳು. ಗಂಡ ಒಳಗೆ ಹೋದರೆ ಕುರಿ ಯಾರು ಕಾಯಬೇಕು, ಬಿತ್ತಿಗೆ ಯಾರು ನೋಡಬೇಕು ಎಂಬುದು ಅವಳ ಲೆಕ್ಕ. ಇವರು ಎಷ್ಟು ತಲೆ ಚಚ್ಚಿಕೊಂಡರೂ ಮುನಸಿಫರ ಮುಂದೆಯೂ ಅವಳದು ಅದೇ ಮಾತು. ಸಜಾ ಆಯಿತು. ಒಂದು ಸುಗ್ಗಿ ಕಳೆದು ಇನ್ನೊಂದು ಸುಗ್ಗಿ ಬರುವವರೆಗೆ ಜೈಲಿನಲ್ಲಿದ್ದಳು.

ಬಿಡುಗಡೆಯಾಗಿ ಊರಿಗೆ ನಡೆದು ಹೋದರೆ ಊರಬಾಗಿಲ ಅಗಸಿಯಲ್ಲೇ ತಡೆದರು. ಜೈಲಿನ ಕೂಳು ಉಂಡವಳಂತೆ. ತಡೆದವರ ಸಾಲಿನಲ್ಲಿ ಅಮರಪ್ಪನೂ ನಿಂತಿದ್ದ. ಯಾರ ಸಲುವಾಗಿ ಉಂಡಳು ಆ ಕೂಳು? ಅವನಿಗೆ ಗೊತ್ತಿಲ್ಲವೇ? ಊರಿಗೆ ಗೊತ್ತಿಲ್ಲವೇ? ಎಲ್ಲರಿಗೂ ಗೊತ್ತಿದೆ, ಅದಕ್ಕೇ ನನ್ನ ಮೈ ಉರಿಯುವುದು. ಅಗಸಿಯ ಒಳಗೆ ಅವಳ ಮಗಳಿದ್ದಳು, ಗಂಗಿ, ನಾಲ್ಕೈದು ವರ್ಷದ ಕೂಸು. ಅದರ ಮುಖವನ್ನೂ ತೋರಿಸದೆ ಹಿಂದಕ್ಕೆ ಅಟ್ಟಿದರು.

ನಮ್ಮ ಮನೆಗೆ ಬಂದ ಮೇಲೆ ಹುಲಿಗೆಮ್ಮ ಗಂಡನನ್ನು ಒಂದು ದಿನವೂ ಬೈಯಲಿಲ್ಲ (ಅವಳ ಪಾಲಿನದನ್ನೂ ನಾನೇ ಬೈದೆ). ಬೀಸುವ ಕಲ್ಲಿನ ಮುಂದೆ ಕೂತಾಗ ಮಾತ್ರ ಒಂದೇ ಮಾತು ಕೇಳುತ್ತಿದ್ದಳು: "ಅವ್ವಾರ, ಗಂಗೀನ ಯಾವಾಗ ನೋಡ್ತೀನ್ರಿ?" ಏನು ಹೇಳುವುದು? ನಾಳೆ ಎನ್ನುತ್ತಿದ್ದೆ. ಹಾಗೆ ಎಷ್ಟು ನಾಳೆಗಳನ್ನು ಹೇಳಿದೆನೋ.

ನಮ್ಮೂರಿನಲ್ಲಿ ಒಂದು ಸುಧಾರಣಾ ಕಮಿಟಿ ಇದೆ. ಅದರ ಮೀಟಿಂಗಿಗೆ ಹೋಗಿ ವಿಷಯ ಇಟ್ಟೆ. ಹಿರಿಯರೊಬ್ಬರು ಎದ್ದು ನಿಂತು ನೊಂದ ಸ್ತ್ರೀಯರ ಉದ್ಧಾರದ ಬಗ್ಗೆ ಚಹಾ ಆರುವತನಕ ಲೆಕ್ಚರ್ ಕೊಟ್ಟರು. ಕಣ್ಣಲ್ಲಿ ನೀರೂ ಬಂತು, ಅವರದೇ ಕಣ್ಣಲ್ಲಿ. "ಹಾಗಾದರೆ ಗೊರೇಬಾಳಕ್ಕೆ ನನ್ನ ಜೊತೆ ಯಾರು ಬರುತ್ತೀರಿ?" ಎಂದೆ. ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಬೀಗರ ಮನೆಯ ಕಾರ್ಯ, ಒಬ್ಬರು ಅವಳ ನಡತೆ ಹೇಗೆ ಎಂದು ನನ್ನನ್ನೇ ಕೇಳಿದರು. ಹೆಸರು ಹೇಳುವುದಿಲ್ಲ. ಎಲ್ಲರೂ ಈ ಪತ್ರಿಕೆಯ ಚಂದಾದಾರರು.

ಕೊನೆಗೆ ನಾನೇ ಅವಳನ್ನು ಕರೆದುಕೊಂಡು ಹೊರಟೆ. ಮೋಟಾರಿನಲ್ಲಿ ಸಿಂಧನೂರು, ಅಲ್ಲಿಂದ ಬಂಡಿಯಲ್ಲಿ ಗೊರೇಬಾಳ.

ಅಗಸಿಯ ಕಟ್ಟೆಯ ಮೇಲೆ ಗೌಡರು, ಸುತ್ತ ಹಿರಿಯರು, ಅವರ ಬೆನ್ನ ಹಿಂದೆ ಅಮರಪ್ಪ. ಸ್ವಲ್ಪ ದೂರದಲ್ಲಿ ಅವನ ತಾಯಿ ಈರಮ್ಮ, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಳು. ನಾನು ಶುರು ಮಾಡಿದೆ. ಕಾನೂನು ಹೇಳಿದೆ, ಧರ್ಮ ಹೇಳಿದೆ, ಪಾಯಿಂಟಿನ ಮೇಲೆ ಪಾಯಿಂಟು ಹಾಕಿದೆ. ನಮ್ಮ ವಕೀಲರು ಕೂಡ ಅಷ್ಟು ಚೆನ್ನಾಗಿ ವಾದಿಸಿರಲಿಲ್ಲ ಎಂದು ಈಗಲೂ ನನಗೆ ಅನಿಸುತ್ತದೆ. ಗೌಡರು ಎಲ್ಲಕ್ಕೂ ತಲೆ ಆಡಿಸಿದರು.

"ನೀವು ಹೇಳೋದು ಖರೇ ಐತ್ರೀ ಅವ್ವಾರ. ಆದ್ರ ಪದ್ಧತಿ ಅಂತ ಒಂದು ಐತಲ್ರೀ" ಎಂದರು.

ಪದ್ಧತಿ ಅಂದರೆ ಯಾವುದು? ಆಗ ಈರಮ್ಮ ದೂರದಿಂದಲೇ ಅಂದಳು: "ಸೊಸಿ ಅಂದಾಕಿ ತವರಿಂದ ಬರ್ಬೇಕ್ರೀ, ಉಡಿ ತುಂಬಿಸ್ಕೊಂಡು. ಜೇಲಿಂದ ಸೀದಾ ಗಂಡನ ಮನಿಗೆ ಯಾರರ ಬರ್ತಾರೇನು?"

"ಆಕಿಗೆ ತವರ ಎಲ್ಲೈತಿ? ಅಪ್ಪ ಅವ್ವ ಇಬ್ರೂ ಪ್ಲೇಗಿಗೆ ಹೋದ್ರು, ನಿಮಗ ಗೊತ್ತಿಲ್ಲೇನು?" ಎಂದೆ ನಾನು.

"ಅದಕ್ಕ ನಾ ಏನ್ ಮಾಡ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ತವರಿಲ್ಲದವರು ಗಂಡನ ಮನೆಗೂ ಬರಬಾರದೇ? ಮಸ್ಕಿಯ ಛತ್ರದಲ್ಲಿ ಹರಕು ಕೌದಿ ಹೊದ್ದು ಮುದುಕಿಯಾಗಬೇಕೇ? "ಹಂಗಾರ ಕೇಳ್ರಿ. ಇವತ್ತಿಂದ ನಾನಾ ಆಕಿ ಅವ್ವ. ಲಿಂಗಸುಗೂರಾಗ ನಮ್ಮ ಮನೀನಾ ಆಕಿ ತವರು. ಆತೇನು?" ಎಂದುಬಿಟ್ಟೆ.

ಇದು ಸಿಟ್ಟಿನ ಮಾತು. ಇದನ್ನೇ ನಮ್ಮ ಕಮಿಟಿಯಲ್ಲಿ ಆಡಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಚಹಾ ಬರುತ್ತಿತ್ತು, ಎಲ್ಲರೂ ಮರೆತು ಮನೆಗೆ ಹೋಗುತ್ತಿದ್ದೆವು. ಆದರೆ ನಾನು ಆಡಿದ್ದು ಗೊರೇಬಾಳದ ಅಗಸಿಯಲ್ಲಿ. ಗೌಡರು ಸುತ್ತ ಒಮ್ಮೆ ನೋಡಿ "ಹತ್ತ್ ಮಂದಿ ಕೇಳ್ಯಾರ. ಆತು ಬಿಡ್ರಿ" ಎಂದರು. ಒಬ್ಬ ಮುದುಕ ಎದ್ದು ಬಂದು ಸೊಂಟದ ಚೀಲದಿಂದ ದೇವರ ಅರಿಶಿನ ಭಂಡಾರ ತೆಗೆದು ನನ್ನ ಹಣೆಗೂ ಹುಲಿಗೆಮ್ಮನ ಹಣೆಗೂ ಹಚ್ಚಿದ. ಮುಗಿಯಿತು. ಭಂಡಾರ ಹಚ್ಚಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ನಾನು ನಲವತ್ತು ದಾಟಿದ ಮೇಲೆ ಹೆಣ್ಣು ಹೆತ್ತಿದ್ದೆ, ಅದೂ ನಿಂತಲ್ಲೇ.

ಜಾತಿಯ ಮಾತು ಬರಲಿಲ್ಲವೇ ಎಂದು ಕೇಳುತ್ತೀರಿ. ಬಂತು. ತವರಿನವರು ಅಳಿಯನಿಗೆ ಹೋಳಿಗೆ ಊಟ ಹಾಕಬೇಕು ಎಂಬ ಮಾತು ಬಂದಾಗ ಹೋಯಿತು.

ಹುಲಿಗೆಮ್ಮನನ್ನು ಅಲ್ಲಿಯೇ ಬಿಟ್ಟು ಬರಬಹುದು ಎಂದುಕೊಂಡಿದ್ದೆ. ಆಗುವುದಿಲ್ಲವಂತೆ. ತವರಿಗೆ ಹೋದವಳನ್ನು ಗಂಡ ಬಂದು ಕರೆದುಕೊಂಡು ಹೋಗಬೇಕಂತೆ. ಅಗಸಿಯ ಹತ್ತಿರ ಬಂದರೂ ಕೂಸಿನ ಮುಖ ಕಾಣದೆ ಮತ್ತೆ ಬಂಡಿ ಹತ್ತಿದೆವು. ಸಿಂಧನೂರು ಬರುವತನಕ ಅವಳು ಹಿಂದಕ್ಕೇ ತಿರುಗಿ ನೋಡುತ್ತಿದ್ದಳು. ಇಳಿಯುವಾಗ "ಕೈ ಹಿಡಿಯವ್ವಾ" ಎಂದಳು. ಬೆಳಿಗ್ಗೆ ಹತ್ತುವಾಗ ಅವಳಿಗೆ ನಾನಿನ್ನೂ "ಅವ್ವಾರ" ಆಗಿದ್ದೆ.

ಹೀಗೆ ಸೋಮವಾರ ಅಳಿಯ ಬಂದ, ತುಪ್ಪ ಕೇಳಿದ. ಅಲ್ಲಿಗೆ ಮರಳೋಣ.

ಬಂದದ್ದು ಒಬ್ಬನೇ. "ಕೂಸು ಎಲ್ಲಪಾ?" ಎಂದೆ.

"ಊರಾಗ ಐತ್ರೀ ಅತ್ತಿ."

"ಅಲ್ಲೋ, ಹಿಂಗ ಕುಂತು ತುಪ್ಪ ಕೇಳಾಕತ್ತೀಯಲ್ಲ, ಆ ಮಡಕಿ ಯಾರದಿತ್ತು ಅಂತ ಒಂದ್ ಸಲ ನಿನ್ನ ಬಾಯಿಂದ ಹೇಳು ನೋಡೋಣು."

ಅವನು ಹೋಳಿಗೆ ಮುರಿದು ಬಾಯಿಗಿಟ್ಟ. ನಿಧಾನಕ್ಕೆ ಅಗಿದ. "ಹೋಳಿಗಿ ಭಾಳ ಮೆತ್ತಗಾಗ್ಯಾವ್ರಿ" ಎಂದ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ತುಪ್ಪದ ಗಿಂಡಿಯನ್ನು ಒಳಗಿಟ್ಟು ಬಂದೆ. ತವರಿಗೆ ಒಂದು ಅಧಿಕಾರವಿದೆ, ಯಾವ ಮುನಸಿಫರೂ ಅದನ್ನು ಕಸಿದುಕೊಳ್ಳಲಾರರು. ಮಗಳನ್ನು ಕಳಿಸುವುದಿಲ್ಲ ಎನ್ನುವ ಅಧಿಕಾರ. ನನ್ನ ತಲೆಗೆ ಕಟ್ಟಿದ ಪದ್ಧತಿಯನ್ನೇ ನಾನೂ ಹಿಡಿದೆ. "ಮಡಕಿ ನಂದು ಅಂತ ಊರ ಕಟ್ಟಿ ಮ್ಯಾಲ ಹೇಳ್ಬೇಕು. ಕೂಸಿನ್ನ ಇಲ್ಲಿಗೆ ತಂದು ಅದರವ್ವನ ಕೈಯಾಗ ಕೊಡ್ಬೇಕು. ಆಮ್ಯಾಲ ಕಳಿಸ್ತೀನಿ, ಆಮ್ಯಾಲ ತುಪ್ಪ" ಎಂದೆ.

ಒಳಗಿನಿಂದ ಹುಲಿಗೆಮ್ಮ ಬಂದಳು. ಅವಳು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದೂ ಯಾರ ಮೇಲೆ? ನನ್ನ ಮೇಲೆ.

"ಅದನ್ನ ಅವನ ಬಾಯಾಗ ಹೇಳಸಬ್ಯಾಡವ್ವಾ. ಇವತ್ತ ಹೇಳಿದ್ರ ನಾಳಿ ಜವಾನ್ರು ಬರ್ತಾರ. ನಾ ಜೇಲಿಗೆ ಹೋಗಿ ಬಂದದ್ದು ದಂಡ ಆಕ್ಕೈತಿ."

"ಮತ್ತ ಈ ಪುಣ್ಯಾತ್ಮನ್ನ ಹಂಗಾ ಬಿಡ್ಲೇನು?"

"ನಂಗ ಗಂಗಿ ಬೇಕು. ಉಳಿದದ್ದು ನಾ ನೋಡ್ಕೊಂತೀನಿ."

ಅವಳು ಹೇಳಿದ್ದು ಸರಿ ಇತ್ತು. ಸರಿ ಇದ್ದುದರಿಂದಲೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಸುಳ್ಳು ಹೇಳಿ ಜೈಲಿಗೆ ಹೋದವಳು ಆ ಸುಳ್ಳನ್ನು ಜೀವನಪೂರ್ತಿ ಕಾಯಬೇಕು, ಇಲ್ಲದಿದ್ದರೆ ಹೋಗಿದ್ದೇ ವ್ಯರ್ಥ. ಇದೆಂಥ ನ್ಯಾಯ? ಮೊದಲನೇ ಷರತ್ತನ್ನು ಕೈಬಿಟ್ಟೆ. ನಮ್ಮ ವಕೀಲರು ಕಾಗದಪತ್ರದ ಮರೆಯಿಂದ "ನಿನ್ನ ಕೇಸೂ ಅರ್ಧ ಬಿದ್ದೋತಲ್ಲ" ಎಂದರು. ಆ ದಿನ ಅವರಿಗೂ ತುಪ್ಪ ಇಲ್ಲ.

ಗುರುವಾರ ಅಮರಪ್ಪ ಮತ್ತೆ ಬಂದ. ಜೊತೆಗೆ ತಾಯಿ ಈರಮ್ಮ, ಈರಮ್ಮನ ಸೊಂಟದ ಮೇಲೆ ಗಂಗಿ. ಬಾಗಿಲಲ್ಲೇ ಈರಮ್ಮ ನನ್ನ ಸೆರಗು ಜಗ್ಗಿ ಪಕ್ಕಕ್ಕೆ ಕರೆದಳು.

"ಕೂಸಿನ ಮುಂದ ಜೇಲಿನ ಸುದ್ದಿ ತಗೀಬ್ಯಾಡ್ರೀ ಬೀಗತಿ. ನಿಮ್ಮವ್ವ ತವರಿಗೆ ಹೋಗ್ಯಾಳ ಅಂತ ಹೇಳೀನಿ. ದಿನಾ ಕೇಳತಿತ್ತು. ಮತ್ತೇನ್ ಹೇಳ್ಲಿ?"

ಹಾಗಾದರೆ ಅಗಸಿಯಲ್ಲಿ ಸೊಸೆ ತವರಿಂದಲೇ ಬರಬೇಕು ಎಂದು ಹಟ ಹಿಡಿದದ್ದು ಇದಕ್ಕೆ. ಕೂಸಿಗೆ ಇಲ್ಲದ ಒಂದು ಊರು ಹೇಳಿ ಸಮಾಧಾನ ಮಾಡಿದ್ದಳು. ಈಗ ಆ ಊರು ಎಲ್ಲಾದರೂ ಇರಬೇಕಾಗಿತ್ತು. ಅದನ್ನು ಅವತ್ತೇ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಈ ಮುದುಕಿಗೆ? ಅಷ್ಟು ಗಂಡಸರ ಮುಂದೆ ಸೊಸೆಯ ಪರ ವಹಿಸುವುದು ಹೇಗೆ ಎಂದು ಸುಮ್ಮನಿದ್ದಳಂತೆ. ಬೈಯೋಣ ಎಂದರೆ ಬಾಯಿ ಬರಲಿಲ್ಲ, ಬೈಯದೆ ಇದ್ದರೆ ಸಮಾಧಾನವಿಲ್ಲ.

ಹುಲಿಗೆಮ್ಮ ಹಿತ್ತಲಿನಿಂದ ಓಡಿ ಬಂದಳು. ಗಂಗಿ ಮೊದಲು ಅಜ್ಜಿಯ ಕುತ್ತಿಗೆಯನ್ನು ಬಿಡಲೇ ಇಲ್ಲ. ಆಮೇಲೆ ಕೆಳಗಿಳಿದು ತಾಯಿಯ ಬಳೆಯನ್ನು ಒಂದೊಂದಾಗಿ ಮುಟ್ಟಿ ನೋಡಿತು. ಆಮೇಲೆ ಮಡಿಲು ಹತ್ತಿ ಕೂತಿತು. ಹುಲಿಗೆಮ್ಮ ಅದರ ತಲೆಗೆ ಮೂಗು ಒತ್ತಿ ಅಳುತ್ತಲೇ ಇದ್ದಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಉಡಿ ತುಂಬಲು ಎಲ್ಲ ತಂದಿಟ್ಟುಕೊಂಡು ಕೂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಹಸಿರು ಕುಬಸದ ಖಣ. ಗಂಗಿ ಅಕ್ಕಿಯಲ್ಲಿ ಕೈಯಾಡಿಸುತ್ತ ಮನೆಯನ್ನೆಲ್ಲ ಕಣ್ಣಲ್ಲೇ ಅಳೆಯಿತು. ಕಂಬ ನೋಡಿತು, ತೊಲೆ ನೋಡಿತು, ಕೊನೆಗೆ ನನ್ನನ್ನು ನೋಡಿತು.

"ಇದಾ ಏನು ತವರು?"

"ಹೂಂ" ಎಂದೆ.

"ನೀ ನಮ್ಮವ್ವನ ಅವ್ವ ಏನು?"

"ಹೂಂ."

"ಮತ್ತ ಇಷ್ಟ್ ದಿನ ನಮ್ಮವ್ವನ್ನ ಯಾಕ ಕಳಿಸಲಿಲ್ಲ ನೀ?"

ಕೂಸಿಗೆ ನಿಜವಾಗಿ ಸಿಟ್ಟು ಬಂದಿತ್ತು. ನಾನು ಸುತ್ತ ನೋಡಿದೆ. ಈರಮ್ಮ ತೊಲೆಯನ್ನು ನೋಡುತ್ತಿದ್ದಳು. ವಕೀಲರಿಗೆ ಇದ್ದಕ್ಕಿದ್ದಂತೆ ಕಾಗದಪತ್ರದ ಕೆಲಸ ಬಂತು. ಹುಲಿಗೆಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಎಲ್ಲಿ ಏನು ಆಡಿಬಿಡುತ್ತೇನೋ ಎಂದು. ಪ್ರತಿ ವಾರ ಇಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ನನ್ನ ಬಳಿ ಆ ಕೂಸಿಗೆ ಕೊಡಲು ಒಂದೇ ಉತ್ತರವಿತ್ತು.

"ತಪ್ಪಾತವ್ವಾ. ಇನ್ನ ಹಿಂಗ ಮಾಡಂಗಿಲ್ಲ" ಎಂದೆ.

ಮಡಿಕೆ ತನ್ನದೆಂದು ಹುಲಿಗೆಮ್ಮ ಒಪ್ಪಿಕೊಂಡಾಗಿತ್ತು. ಅವಳನ್ನು ಹಿಡಿದಿಟ್ಟುಕೊಂಡವಳು ನಾನೆಂದು ನಾನೂ ಒಪ್ಪಿಕೊಂಡೆ. ಅಷ್ಟರಲ್ಲಿ ಪಡಸಾಲೆಯಿಂದ ಅಳಿಯನ ದನಿ ಬಂತು: "ಅತ್ತೀ, ಇವತ್ತರ ತುಪ್ಪ ಐತೇನ್ರಿ?"