ಫ್ರೀಜರಿನೊಳಗಿನ ಕ್ರಿಸ್ಮಸ್

ಸೆಪ್ಟೆಂಬರ್ ಒಂದರ ಬೆಳಗ್ಗೆ ಕ್ರಿಸ್ಮಸ್ ಶುರುಮಾಡುವುದು ನಮ್ಮೂರಿನ ಪದ್ಧತಿ. ಅಂದೇ ಮಾರುಕಟ್ಟೆಯ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡು ಯೇಸು ಹುಟ್ಟಿದ ಹಾಡು ಹಾಕುತ್ತದೆ. ಮೀನು ಮಾರುವವಳು ಅದರ ತಾಳಕ್ಕೆ ಸರಿಯಾಗಿ ಮೀನಿನ ತಲೆ ಕತ್ತರಿಸುತ್ತಾಳೆ. ಆದರೆ ನೊರ್ಮಿಂಡಾ ರೆಬಾಂಕೋಸ್ ಪ್ರಕಾರ ಸೆಪ್ಟೆಂಬರಿನವರೆಗೆ ಕಾಯುವವರು ಸೋಮಾರಿಗಳು. ಅವಳ ಕ್ರಿಸ್ಮಸ್ಸು ಜುಲೈಯಲ್ಲಿ, ಶಾಲೆಮಕ್ಕಳ ಸಮವಸ್ತ್ರಕ್ಕೆ ಕೊನೆಯ ಗುಂಡಿ ಹೊಲಿದ ಮರುದಿನ ಹುಟ್ಟುತ್ತಿತ್ತು.

ಚಿಕ್ಕದಾಗಿ ನೊರ್ಮಿಂಗ್ ಎಂದರೆ ಊರಿಗೆಲ್ಲ ಗೊತ್ತು. ದರ್ಜಿ. ಐವತ್ತೆರಡು ವರ್ಷ. ಕೊರಳಲ್ಲಿ ಶಿಲುಬೆಯ ಸರಕ್ಕಿಂತ ಅಳತೆಪಟ್ಟಿಯೇ ಹೆಚ್ಚು ಹೊತ್ತು ಇರುತ್ತಿತ್ತು. ಪೂಜೆಗೆ ಹೋದಾಗಲೂ ತೆಗೆಯಲು ಮರೆತು, ಪಾದ್ರಿಯವರ ನಿಲುವಂಗಿ ಎಡಗಡೆ ಅರ್ಧ ಇಂಚು ಇಳಿದಿದೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಬರುವ ಹೆಂಗಸು. ಅಡುಗೆಮನೆಯ ಗೋಡೆಗೆ ಅವಳು ಅಂಟಿಸಿದ್ದ ಚಾರ್ಟಿನಲ್ಲಿ ಎಂಬತ್ತೊಂದು ಕೆಲಸಗಳಿದ್ದವು. ಆಗಸ್ಟ್ ಹದಿನಾಲ್ಕು, ಕಿಟಕಿಯ ಪರದೆ ಒಗೆಯುವುದು. ಅಕ್ಟೋಬರ್ ಒಂಬತ್ತು, ಚಮಚ ಎಣಿಸುವುದು. ಡಿಸೆಂಬರ್ ಇಪ್ಪತ್ತಮೂರು, ಕ್ರಿಸ್ಪುಲೋನ ತಲೆಗೂದಲು.

ಕ್ರಿಸ್ಪುಲೋ ಅವಳ ಗಂಡ. ಮೂರು ಚಕ್ರದ ಬಾಡಿಗೆ ಗಾಡಿ ಓಡಿಸುತ್ತಿದ್ದ. ಬಿದಿರು ಮತ್ತು ಬಣ್ಣದ ಕಾಗದದ ನಕ್ಷತ್ರದೀಪವನ್ನು ಬಾಗಿಲ ಮೇಲೆ ಕಟ್ಟುವುದು, ರೇಡಿಯೊದಲ್ಲಿ ಬಿರುಗಾಳಿಯ ಎಚ್ಚರಿಕೆ ಬಂದ ಕೂಡಲೇ ಬಿಚ್ಚಿ ಒಳಗಿಡುವುದು ಅವನ ಪಾಲಿನ ಕೆಲಸ. ಈ ವರ್ಷ ಆಗಲೇ ಆರು ಸಲ ಏರಿಸಿ ಇಳಿಸಿದ್ದ.

"ಶಾಲೇಲಿ ಬಾವುಟಾನೂ ಇಷ್ಟು ಸಲ ಏರಿಸಿ ಇಳಿಸಲ್ಲ ಕಣೇ," ಎಂದ.

"ಬಾವುಟಕ್ಕೆ ಶಾಲೆ ಮಾತ್ರ ನಮಸ್ಕಾರ ಮಾಡತ್ತೆ. ಇದನ್ನ ನಿಮ್ಮಕ್ಕ ನೋಡ್ತಾರೆ," ಎಂದಳು ನೊರ್ಮಿಂಗ್.

ವಿಷಯ ಇದ್ದದ್ದೇ ಅಲ್ಲಿ. ಕ್ರಿಸ್ಮಸ್ ಹಿಂದಿನ ರಾತ್ರಿ ಹನ್ನೆರಡಕ್ಕೆ ಇಡೀ ರೆಬಾಂಕೋಸ್ ವಂಶ ಒಟ್ಟಿಗೆ ಕೂತು ಉಣ್ಣುವ ನೋಚೆ ಬುಯೆನಾ ಊಟ ಹತ್ತೊಂಬತ್ತು ವರ್ಷದಿಂದ ಕ್ರಿಸ್ಪುಲೋನ ಅಕ್ಕ ಕ್ಲೆಮೆನ್ಸಿಯಾಳ ಮನೆಯಲ್ಲೇ ನಡೆಯುತ್ತಿತ್ತು. ಕ್ಲೆಮೆನ್ಸಿಯಾ ಊಟಕ್ಕಿಂತ ಹೆಚ್ಚಾಗಿ ಬಡಿಸುತ್ತಿದ್ದದ್ದು ಒಂದು ಮಾತನ್ನು. "ನಾನು ಡಿಸೆಂಬರ್ ಇಪ್ಪತ್ತರ ತನಕ ಅಡುಗೆಮನೆ ಕಡೆ ತಿರುಗೂ ನೋಡಲ್ಲಮ್ಮ. ಚಾರ್ಟು ಗೀರ್ಟು ನಂಗೆ ಬೇಡ. ಎಲ್ಲಾ ಕೈಗುಣ." ಹೀಗೆನ್ನುವಾಗ ಆ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೋರಿಸುತ್ತಿದ್ದಳು. ಹತ್ತೊಂಬತ್ತು ವರ್ಷ ನೊರ್ಮಿಂಗ್ ಆ ಕೈ ನೋಡಿ ನೋಡಿ ಬೆಂದಿದ್ದಳು.

ಈ ಸಲ ಈಸ್ಟರ್ ದಿನ ಕ್ರಿಸ್ಪುಲೋನ ಸೋದರತ್ತೆ, ವಂಶದ ಹಿರಿಯಳಾದ ಬ್ರಿಹಿಡಾ ಅತ್ತೆ, ಎಂಬತ್ತಾರು ವರ್ಷದವಳು, ಊರುಗೋಲನ್ನು ನೊರ್ಮಿಂಗ್ ಕಡೆ ಚಾಚಿ ತೀರ್ಪು ಕೊಟ್ಟಿದ್ದಳು. "ಈ ವರ್ಷ ಇವಳ ಮನೇಲಿ. ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ಕ್ಲೆಮೆನ್ಸಿಯಾ ಮನೇಲೇ, ನಾನು ಸಾಯೋ ತನಕ." ಮೂರು ತಟ್ಟೆ ಅನ್ನ ಉಂಡು ಈ ಮಾತು ಹೇಳಿದ ಅತ್ತೆಗೆ ಸಾಯುವ ಯೋಚನೆ ಇದ್ದಂತೆ ಯಾರಿಗೂ ಕಾಣಲಿಲ್ಲ. ಅಂದರೆ ನೊರ್ಮಿಂಗ್‌ಗೆ ಸಿಕ್ಕಿದ್ದು ಒಂದೇ ಅವಕಾಶ.

ಆಗಸ್ಟಿನಲ್ಲಿ ಐಸ್‌ಕ್ರೀಮ್ ಮಾರುತ್ತಿದ್ದವನೊಬ್ಬನ ಹಳೆಯ ಫ್ರೀಜರು ಮನೆಗೆ ಬಂತು. ಮಂಚದಷ್ಟು ಉದ್ದ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅದರಲ್ಲಿ ಹಿಟ್ಟಿನ ಹಾಳೆಯಲ್ಲಿ ಮಾಂಸ ಸುತ್ತಿದ ಬೆರಳುದ್ದದ ಲುಂಪಿಯಾ ಸುರುಳಿಗಳು ನಾನೂರ ಇಪ್ಪತ್ತು (ತಲೆಗೆ ಎಷ್ಟೆಂದು ವಯಸ್ಸು ಮತ್ತು ಹೋದ ವರ್ಷದ ನಡತೆ ನೋಡಿ ನಿಗದಿಯಾಗಿತ್ತು), ಹಂದಿಯ ತೊಡೆ ಎರಡು, ಕೋಳಿ ಒಂಬತ್ತು, ಖೀಮಾ ತುಂಬಿದ ಉರುಳೆಗಳು ಎರಡು ಡಜನ್ ಜಮೆಯಾಗಿದ್ದವು.

ನೋಡಲು ಬಂದ ಕ್ಲೆಮೆನ್ಸಿಯಾ ಮೂಗಿನ ಮೇಲೆ ಬೆರಳಿಟ್ಟಳು. "ಇದೇನೇ ನೊರ್ಮಿಂಗ್, ಹೆಣದ ಪೆಟ್ಟಿಗೆ ಥರ ಇದೆ! ಒಳಗೆ ಯಾರು?"

"ಕ್ರಿಸ್ಮಸ್ಸು, ಅಕ್ಕಾ. ಮುಚ್ಚಳ ಮುಟ್ಬೇಡಿ, ತಂಪು ಹೋಗತ್ತೆ."

ಕ್ರಿಸ್ಪುಲೋ ಮಾತ್ರ ಒಮ್ಮೆ ಹೆದರುತ್ತಲೇ ಕೇಳಿದ್ದ. "ಅಲ್ಲ, ನವೆಂಬರಲ್ಲಿ ಬಿರುಗಾಳಿ ಬಂದು ಕರೆಂಟು ಹೋದ್ರೆ?"

ನೊರ್ಮಿಂಗ್ ಗೋಡೆಯತ್ತ ತಿರುಗಿ, ಎಂಬತ್ತೊಂದು ಸಾಲುಗಳ ಮೇಲೂ ಬೆರಳಾಡಿಸಿ, "ಚಾರ್ಟಲ್ಲಿ ಇಲ್ಲ," ಎಂದಳು.

ನಮ್ಮ ಕಡಲಿನ ಬಿರುಗಾಳಿಗಳಿಗೆ ಓದು ಬರುವುದಿಲ್ಲ. ನವೆಂಬರ್ ಹದಿನೇಳರ ಮಧ್ಯಾಹ್ನ ಅದು ಬಂದೇ ಬಂತು. ಮನೆ ಅಲುಗಾಡಿದಾಗ ಕ್ರಿಸ್ಪುಲೋ ಹೆಂಡತಿಯನ್ನು ಅಪ್ಪಿಕೊಳ್ಳಲು ಹುಡುಕಿದ. ಅವಳು ಮೂರು ಕಂಬಳಿ ಹೊದಿಸಿದ ಫ್ರೀಜರನ್ನು ಅಪ್ಪಿಕೊಂಡು ಮಲಗಿದ್ದಳು. ಮರುದಿನ ನೋಡಿದರೆ ಬಾಳೆಗಿಡಗಳೆಲ್ಲ ನೆಲಕ್ಕೆ ಸಾಷ್ಟಾಂಗ, ವಿದ್ಯುತ್ ಕಂಬಗಳು ಗದ್ದೆಯಲ್ಲಿ. ದೇವರ ದಯೆ, ಮನುಷ್ಯರಿಗೇನೂ ಆಗಿರಲಿಲ್ಲ. ಕರೆಂಟು ಬರಲು ಎರಡು ವಾರ ಬೇಕೆಂದು ಸುದ್ದಿ ಬಂತು.

"ಮುಚ್ಚಳ ತೆಗೀದಿದ್ರೆ ನಾಲ್ಕು ದಿನ ತಡೆಯತ್ತೆ," ಎಂದಳು ನೊರ್ಮಿಂಗ್, ಯುದ್ಧಕಾಲದ ಸೇನಾಪತಿಯಂತೆ. "ಅಷ್ಟರಲ್ಲಿ ಎಲ್ಲಿಂದಾದ್ರೂ ಐಸು ತರಿಸ್ತೀನಿ. ಯಾರೂ ತೆಗೀಕೂಡದು."

ತಡೆಯುತ್ತಿತ್ತೋ ಏನೋ. ಆದರೆ ಯಾರೂ ತೆಗೆದಿಲ್ಲ ತಾನೇ ಎಂದು ಖಚಿತ ಮಾಡಿಕೊಳ್ಳಲು ಕ್ರಿಸ್ಪುಲೋ ದಿನಕ್ಕೆ ಐದು ಸಲ ಮುಚ್ಚಳ ತೆಗೆದು ನೋಡುತ್ತಿದ್ದ. ಇಪ್ಪತ್ತರ ಬೆಳಗ್ಗೆ ಫ್ರೀಜರಿನ ಮೂಲೆಯಿಂದ ತೊಟ್ಟು ತೊಟ್ಟಾಗಿ ನೀರು ಇಳಿಯಿತು. ನೊರ್ಮಿಂಗ್ ಬಗ್ಗಿ, ಒಂದು ಲುಂಪಿಯಾವನ್ನು ಒತ್ತಿ ನೋಡಿದಳು. ಮೆತ್ತಗಿತ್ತು, ಇನ್ನೂ ತಂಪಿತ್ತು, ಕೆಟ್ಟಿರಲಿಲ್ಲ. ಸಂಜೆಯವರೆಗೆ ಇಟ್ಟರೆ ಕೆಡುವುದಂತೂ ಖಂಡಿತ.

"ಇವತ್ತೇ ಎಲ್ಲಾ ಬೇಯಿಸ್ಬೇಕು," ಎಂದಳು. ಆಮೇಲೆ ಸ್ವರ ತಗ್ಗಿಸಿ, "ಬಾಗಿಲು ಹಾಕ್ರೀ. ಕಿಟಕೀನೂ. ನಿಮ್ಮಕ್ಕಂಗೆ ಗೊತ್ತಾದ್ರೆ ಮುಗೀತು, ಇನ್ನು ಹತ್ತೊಂಬತ್ತು ವರ್ಷ ಆ ಕೈ ನೋಡ್ಬೇಕು."

ನಾನೂರ ಇಪ್ಪತ್ತು ಲುಂಪಿಯಾವನ್ನು ಗುಟ್ಟಾಗಿ ಕರಿಯುವುದು ಹೇಗೆಂದು ಯಾರಾದರೂ ಕಂಡುಹಿಡಿದಿದ್ದರೆ ಅವರು ನಮ್ಮೂರಿನವರಲ್ಲ. ಮೊದಲ ಬಾಣಲೆಗೇ ಹೊಗೆ ಸೂರಿನ ಸಂದಿಯಿಂದ ಹೊರಬಿತ್ತು. ಮೂರು ದಿನದಿಂದ ಡಬ್ಬಿಯ ಮೀನು ತಿಂದು ನಾಲಿಗೆ ಸತ್ತಿದ್ದ ಬೀದಿಗೆ ಹುರಿದ ಬೆಳ್ಳುಳ್ಳಿಯ ವಾಸನೆ ದೇವದೂತನ ಕರೆಯಂತೆ ಕೇಳಿಸಿತು. ಬಾಗಿಲು ತಟ್ಟುವ ಸದ್ದು.

"ನೊರ್ಮಿಂಗ್, ಬೆಂಕಿ ಬಿದ್ದಿದ್ಯೇನೇ?" ಎಂದಳು ಪಕ್ಕದ ಮನೆಯವಳು. ಬೆಂಕಿ ಆರಿಸಲು ಬಂದವಳ ಕೈಯಲ್ಲಿ ತಟ್ಟೆ ಇತ್ತು.

ಹನ್ನೊಂದೂವರೆಯ ಹೊತ್ತಿಗೆ ಅಂಗಳದಲ್ಲಿ ಹೆಚ್ಚುಕಡಿಮೆ ಇಡೀ ವಂಶ, ಅರ್ಧ ಬೀದಿ, ಏಳು ನಾಯಿ. ಬಾಗಿಲು ಮುಚ್ಚುವ ಆಸೆ ಬಿಟ್ಟ ನೊರ್ಮಿಂಗ್ ಹೊಲಿಗೆಯ ಮೇಜುಗಳನ್ನೆಲ್ಲ ಜೋಡಿಸಿ, ಕ್ರಿಸ್ಮಸ್ಸಿಗೆಂದೇ ಇಸ್ತ್ರಿ ಮಾಡಿದ್ದ ಮೇಜುಬಟ್ಟೆ ಹಾಸಿದಳು. ಹಾಳಾಗುವುದಾದರೆ ಅಂದವಾಗಿಯೇ ಹಾಳಾಗಲಿ! ಯಾರೋ ಗಿಟಾರ್ ತಂದರು. ಯಾರೋ ಒದ್ದೆ ನಕ್ಷತ್ರವನ್ನು ಏಳನೆಯ ಸಲ ಬಾಗಿಲಿಗೆ ಏರಿಸಿದರು. ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಎಣ್ಣೆ ಸಿಡಿದರೂ ನಗು, ನಾಯಿ ಕೋಳಿಕಾಲು ಕದ್ದೋಡಿದರೂ ನಗು. ಸೌಟು ಹಿಡಿದ ನೊರ್ಮಿಂಗ್ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದರಲ್ಲಿ ಒಂದಿಷ್ಟು ಅಳುವೂ ಸೇರಿತ್ತೆಂದು ಕ್ರಿಸ್ಪುಲೋಗೆ ಮಾತ್ರ ಗೊತ್ತಾಯಿತು. ಅವನು ಒಂದು ಲುಂಪಿಯಾ ಅವಳ ಬಾಯಿಗಿಟ್ಟ.

ಅಷ್ಟರಲ್ಲಿ ಬ್ರಿಹಿಡಾ ಅತ್ತೆಯನ್ನು ಕುರ್ಚಿಯ ಸಮೇತ ಇಬ್ಬರು ಹೊತ್ತು ತಂದರು. ಹಿಂದಿನಿಂದ ಕ್ಲೆಮೆನ್ಸಿಯಾ. ಅವಳ ತಲೆಯ ಮೇಲೆ ಬಟ್ಟೆ ಮುಚ್ಚಿದ ದೊಡ್ಡ ಪಾತ್ರೆ, ಮಗಳ ತಲೆಯ ಮೇಲೆ ಇನ್ನೊಂದು.

"ಅದೇನಕ್ಕಾ?" ಎಂದಳು ನೊರ್ಮಿಂಗ್.

"ಏನಿಲ್ಲ. ಹಾಗೇ... ಒಂಚೂರು."

ಅತ್ತೆ ಊರುಗೋಲಿನಿಂದ ಬಟ್ಟೆ ಸರಿಸಿದಳು. ಲುಂಪಿಯಾ! ಕಡಿಮೆಯೆಂದರೂ ಮುನ್ನೂರು. ಇನ್ನೊಂದರಲ್ಲಿ ಹಂದಿಯ ತೊಡೆ. ಎರಡೂ ಕರಗಿ ನೀರು ಬಿಡುತ್ತಿದ್ದವು.

"ಇದ್ಯಾವಾಗ ಮಾಡಿಟ್ಯೇ ಕ್ಲೆಮೆನ್ಸಿಯಾ?" ಎಂದಳು ಅತ್ತೆ.

"ಸೆಪ್ಟೆಂಬರಲ್ಲಿ," ಎಂದಳು ಕ್ಲೆಮೆನ್ಸಿಯಾ ನೆಲ ನೋಡುತ್ತ. "ಇವಳ ಕೈಲಿ ಆಗ್ಲಿಲ್ಲ ಅಂದ್ರೆ ಇರ್ಲಿ ಅಂತ."

"ಅಮ್ಮ ಪ್ರತಿ ವರ್ಷಾನೂ ಸೆಪ್ಟೆಂಬರಲ್ಲೇ ಮಾಡೋದು," ಎಂದಳು ಮಗಳು.

ಅಂಗಳದಲ್ಲಿ ಎದ್ದ ನಗೆಗೆ ಏಳೂ ನಾಯಿಗಳು ಗೇಟಿನಾಚೆ ಓಡಿದವು. ನೊರ್ಮಿಂಗ್ ನಗಲಿಲ್ಲ. ಹತ್ತೊಂಬತ್ತು ವರ್ಷದ ಹೊಟ್ಟೆಯುರಿ ಹೀಗೆ ಒಂದೇ ಸಲಕ್ಕೆ ಆರಿದ್ದರಿಂದ ಅವಳಿಗೆ ತಲೆ ತಿರುಗಿದಂತಾಗಿತ್ತು. "ಕೊಡಿ ಅಕ್ಕಾ, ಎಣ್ಣೆ ಕಾದಿದೆ," ಎಂದಷ್ಟೇ ಅಂದು ಪಾತ್ರೆ ಇಳಿಸಿಕೊಂಡಳು.

ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಕಿರಿಯರೆಲ್ಲ ಸಾಲಾಗಿ ಬಂದು ಆಶೀರ್ವಾದಕ್ಕೆಂದು ಅತ್ತೆಯ ಕೈಯನ್ನು ಹಣೆಗೊತ್ತಿಕೊಂಡರು. ಹಾಡಾಯಿತು. ಊಟವಾಯಿತು. ಅತ್ತೆ ಮೂಳೆಯೊಂದನ್ನು ಚೊಕ್ಕಟವಾಗಿ ಚೀಪಿ ಕೆಳಗಿಟ್ಟು, ಊರುಗೋಲು ಕುಟ್ಟಿದಳು.

"ವಂಶ ಸೇರ್ತು. ಹನ್ನೆರಡು ಹೊಡೀತು. ಉಂಡಾಯ್ತು. ನೋಚೆ ಬುಯೆನಾ ಅಂದ್ರೆ ಇನ್ನೇನು? ನೊರ್ಮಿಂಗ್, ನಿನ್ನ ಸರದಿ ಮುಗೀತು."

"ಅತ್ತೇ, ಇದು ಮಧ್ಯಾಹ್ನದ ಹನ್ನೆರಡು! ನವೆಂಬರು!"

"ಈ ವಯಸ್ಸಲ್ಲಿ ನಂಗೆ ಎಲ್ಲಾ ಹನ್ನೆರಡೂ ಒಂದೇ. ಚೆನ್ನಾಗಿತ್ತು ಕಣೇ. ಇಷ್ಟು ನಕ್ಕಿದ್ದು ನೆನಪಿಲ್ಲ. ಮುಂದಿನ ವರ್ಷಾನೂ ನಿನ್ನ ಮನೇಲೇ. ಈ ಡಿಸೆಂಬರಿಂದು ಕ್ಲೆಮೆನ್ಸಿಯಾ ಮಾಡ್ಲಿ. ಅವಳಿಗೆ ಇಪ್ಪತ್ತನೇ ತಾರೀಖಿಗೆ ಶುರುಮಾಡಿದ್ರೆ ಸಾಕಲ್ಲ, ಕೈಗುಣ ಇದೆ."

ನೊರ್ಮಿಂಗ್‌ಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಕ್ಲೆಮೆನ್ಸಿಯಾಗೆ ಮಾತ್ರ ಎಲ್ಲವೂ ತಿಳಿದು ಮುಖ ಸುಣ್ಣದಂತಾಗಿತ್ತು. ಅವಳ ಫ್ರೀಜರು ಖಾಲಿ. ಕರೆಂಟಿಲ್ಲ. ಉಳಿದದ್ದು ಮೂವತ್ತನಾಲ್ಕು ದಿನ. ಪಾತ್ರೆ ತಿಕ್ಕುವ ನೆಪದಲ್ಲಿ ಅವಳು ನಲ್ಲಿಯ ಬಳಿ ಬಂದು, ನೊರ್ಮಿಂಗ್ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ನೊರ್ಮಿಂಗ್... ಮೊದಲು ಏನ್ ಮಾಡೋದೇ?"

ನೊರ್ಮಿಂಗ್ ಬೂದಿ ಮೆತ್ತಿದ ಕೈ ತೊಳೆದಳು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಮೊದಲೇ ಎಲ್ಲರಿಗೂ ಅವಳೇ ಉತ್ತರ ಹೇಳಿ ಓಡಿಸುತ್ತಿದ್ದಳು.

"ನಾಳೆ ಬೆಳಗ್ಗೆ ಐದಕ್ಕೆ ಬರ್ತೀನಿ," ಎಂದಳು. "ಅಡುಗೆಮನೆ ನಿಮ್ದು ಅಕ್ಕಾ, ಕೈಯೂ ನಿಮ್ದೇ. ಬಾಯಿ ಮಾತ್ರ ನಂದು."

ಕ್ಲೆಮೆನ್ಸಿಯಾ ನಿಟ್ಟುಸಿರು ಬಿಟ್ಟು, ಮುಂದಿನ ಬಾಣಲೆ ಎಳೆದುಕೊಂಡಳು. "ಆರಕ್ಕೆ ಬಾರೇ ತಾಯಿ."

"ಐದಕ್ಕೆ," ಎಂದಳು ನೊರ್ಮಿಂಗ್. "ಈಗಾಗ್ಲೇ ನಾಲ್ಕು ತಿಂಗಳು ತಡ ಆಗಿದೆ."