ಮೂರನೆಯ ಕರೆ

ಮೊನ್ನೆ ಕಪಾಟಿನ ಮೇಲಿದ್ದ ಸೂಟ್‌ಕೇಸ್ ಇಳಿಸಿದೆ. ಮೂಲೆಯಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಸುತ್ತಿಟ್ಟ ಕಾಫಿಪುಡಿ ಬಾಟಲಿ ಸಿಕ್ಕಿತು. ಮುಚ್ಚಳ ತಿರುಗಿಸಿದ್ದೇ ತಡ, ಹುರಿದ ಅಗಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ವಾಸನೆ... ಆಯಿ ಬಂದು ಪಕ್ಕದಲ್ಲೇ ಕೂತಳೋ ಅನ್ನಿಸಿತು.

ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಪಣಜಿ ಪಕ್ಕದ ಪರ್ವರಿಯ ನಮ್ಮ ಮನೆಗೆ ಹನ್ನೊಂದು ವರ್ಷ ಕೆಲಸಕ್ಕೆ ಬಂದವಳು, ವಿಜಯಪುರದ ಕಡೆಯವಳು. ಗಂಡ ಗೌಂಡಿ, ಗೋಡೆ ಕಟ್ಟುವವ. ನಮ್ಮ ಗೇಟಿನಾಚೆ ತಗಡಿನ ಶೆಡ್ಡಿನಲ್ಲಿ ಇಬ್ಬರದೇ ಸಂಸಾರ, ಮಕ್ಕಳಿರಲಿಲ್ಲ. ಅಪ್ಪ ಅಮ್ಮ ಪಣಜಿಯ ಆಫೀಸಿನಿಂದ ಬರುವವರೆಗೆ ನಾನು ಅವಳ ಪಾಲು. ಮನೆಯಲ್ಲಿ, ಶಾಲೆಯಲ್ಲಿ ನನಗೆ ಬೇರೆ ಹೆಸರಿತ್ತು. ಅವಳೊಬ್ಬಳಿಗೆ ಮಾತ್ರ ನಾನು ತಂಗೆವ್ವ.

ಸಂಜೆ ಗೇಟಿನಲ್ಲಿ ನಿಂತು ಕರೆಯುತ್ತಿದ್ದಳು. ಮೊದಲ ಸಲಕ್ಕೇ ಓಗೊಟ್ಟೆನೋ, ಬೈಗುಳ!

"ದೀಪಾ ಹಚ್ಚೂ ಹೊತ್ತಿನ್ಯಾಗ ಯಾರರ ಕರದ್ರ, ಮೂರ ಸಲ ಆಗೂತನಾ ಓ ಅನಬ್ಯಾಡ. ಸತ್ತಾರಿಗೆ ಎರಡ ಸಲ ಕರಿಯಾಕಷ್ಟ ಉಸರಿರತೈತಿ. ಓ ಅಂದ್ರ ಕರಕೊಂಡ ಹೊಕ್ಕಾರ."

ನಾನು ನಗುತ್ತಿದ್ದೆ. ಆದರೂ ಮೂರನೆಯ ಕರೆಗೆ ಕಾಯುವುದು ರೂಢಿಯಾಗಿಬಿಟ್ಟಿತು. ಮೂರನೆಯದನ್ನು ಅವಳು ಸುಳ್ಳೇ ಸಿಟ್ಟು ಮಾಡಿ ಕೂಗುತ್ತಿದ್ದಳು, ನಾನು ಓಡಿಹೋಗಿ ಸೊಂಟಕ್ಕೆ ಜೋತುಬೀಳುತ್ತಿದ್ದೆ.

ಒಂದು ವರ್ಷದ ಓದಿಗೆಂದು ಸ್ಕಾಟ್‌ಲೆಂಡಿಗೆ ಹೊರಟಾಗ ಅಗಸಿ ಚಟ್ನಿಪುಡಿ ತುಂಬಿದ ಆ ಬಾಟಲಿ ತಂದು ಕೈಗಿಟ್ಟಳು. "ಆಯಿ, ಅಲ್ಲಿ ಯಾರ ಅಗಸಿ ಹಿಂಡಿ ತಿಂತಾರ?" ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

"ಅಲ್ಲೆ ತಂಗೆವ್ವಾ ಅಂತ ಕರಿಯೋರು ಯಾರೂ ಇರಂಗಿಲ್ಲ. ಅಷ್ಟರಾಗೂ ಕರದ್ರ... ನೆನಪೈತಿಲ್ಲೋ?"

ಆ ಊರಿನ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ದೀಪ ಹಚ್ಚುವ ಹೊತ್ತು. ಪರೀಕ್ಷೆಗೆ ಎರಡು ದಿನವಿತ್ತು. ಹಾಸ್ಟೆಲಿನ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಹಿಂಡಿ ಹಚ್ಚುತ್ತಿದ್ದೆ. ಪಕ್ಕದ ಕೋಣೆಯ ಪೋಲೆಂಡಿನ ಹುಡುಗಿ ಗಜ್ಜರಿ ಹೆಚ್ಚುತ್ತಿದ್ದಳು. ಆಗ ಹೊರಗಿನ ಕಾರಿಡಾರಿನ ಕೊನೆಯಿಂದ ಕೇಳಿತು.

"ತಂಗೆವ್ವಾ..."

ಕೊನೆಯನ್ನು ಎಳೆಯುವ ಅದೇ ರಾಗ. ಮನೆಯ ನೆನಪು ಹೆಚ್ಚಾಗಿ ಹೀಗಾಗುತ್ತಿದೆ ಎಂದುಕೊಂಡೆ. ಮತ್ತೆ ಕೇಳಿತು, ಈ ಸಲ ಬಾಗಿಲಿಗೆ ಹತ್ತಿರ.

ಹುಡುಗಿ ಚಾಕು ಕೆಳಗಿಟ್ಟಳು. "ಯಾರೋ ಹೆಂಗಸು ಕರೆಯುತ್ತಿದ್ದಾಳೆ, ಎರಡು ಸಲ ಆಯಿತು. ಯಾರನ್ನು?" ಎಂದು ನನ್ನನ್ನು ಕೇಳಿದಳು.

ಅವಳಿಗೂ ಕೇಳಿತ್ತು! ಅವಳೇ ಹೋಗಿ ಬಾಗಿಲು ತೆಗೆದಳು. ಉದ್ದಕ್ಕೂ ಕಾರಿಡಾರು ಖಾಲಿ. ನಾನು ಗಂಟಲಲ್ಲಿ ಓ ಹಿಡಿದುಕೊಂಡು ಮೂರನೆಯ ಕರೆಗೆ ಕಾದೆ. ಬ್ರೆಡ್ಡು ಒಣಗುವವರೆಗೂ ಕಾದೆ... ಬರಲಿಲ್ಲ.

ಮನೆಗೆ ಫೋನ್ ಮಾಡಿದೆ. "ಎಲ್ಲಾರೂ ಆರಾಮ ಇದ್ದೇವಿ. ಆಯೀನೂ ಆರಾಮ ಇದ್ದಾಳ. ನೀ ಸುಮ್ಮನ ಪರೀಕ್ಷಾ ಬರಿ" ಎಂದಳು ಅಮ್ಮ. ಅವಳ ದನಿ ಯಾಕೋ ಬಿಗಿದಹಾಗಿತ್ತು. ನನಗೆ ನಂಬಬೇಕಾಗಿತ್ತು, ನಂಬಿದೆ.

ವರ್ಷ ಮುಗಿಸಿ ಬಂದಾಗ ಗೇಟಿನಾಚೆ ಶೆಡ್ಡು ಇರಲಿಲ್ಲ. ಆಗ ಅಮ್ಮ ಬಾಯಿಬಿಟ್ಟಳು. ಆಯಿ ಹೋಗಿದ್ದು ನನಗೆ ಆ ಕರೆ ಕೇಳಿದ ದಿನವೇ, ಆಸ್ಪತ್ರೆಯಲ್ಲಿ. ನನ್ನ ಓದು ಕೆಡಬಾರದೆಂದು ಮುಚ್ಚಿಟ್ಟಿದ್ದರಂತೆ! ಓದಂತೆ ಓದು! ಅಮ್ಮನ ಜೊತೆ ಎರಡು ದಿನ ಮಾತು ಬಿಟ್ಟೆ. ಸಿಟ್ಟು ಅಮ್ಮನ ಮೇಲಿರಲಿಲ್ಲ, ಒಂದೇ ಒಂದು ಓ ಅನ್ನದ ನನ್ನ ಮೇಲೇ ಇತ್ತು.

ಆಯಿಯ ಗಂಡ ಮಂಗೋರ್ ಹಿಲ್ ಬಡಾವಣೆಯಲ್ಲಿ ತಮ್ಮನ ಮನೆ ಸೇರಿದ್ದ. ಹುಡುಕಿಕೊಂಡು ಹೋದೆ. ಕರೆ ಕೇಳಿದ್ದನ್ನು ಹೇಳಿ, ಓ ಅನ್ನಲಿಲ್ಲವೆಂದು ಅತ್ತೆ. ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ.

"ಕರದಿದ್ದು ಖರೇ ಯವ್ವಾ. ಎರಡ ಸಲ ಕರದ್ಲು. ಇನ್ನೊಮ್ಮಿ ಕರಿ, ಸಮಾಧಾನ ಆಗತೈತಿ ಅಂದೆ ನಾ. 'ಬ್ಯಾಡ, ನಾ ಹೊಂಟೇನಿ. ಮೂರನೇದ್ದಕ್ಕ ಓ ಅಂದಬಿಡತೈತಿ ಹುಚ್ಚ ಕೂಸು' ಅಂದ್ಲು. ಆಮ್ಯಾಗ ಸೀರಿ ಸೆರಗ ಬಾಯಾಗ ತುರಕೊಂಡ್ಲು. ಕಡೀತನಕಾ ತಗೀಲಿಲ್ಲ."

ಶೆಡ್ಡಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ. ಮೊನ್ನೆ ಬಾಟಲಿ ಹಿಡಿದು ಕಿಟಕಿಯ ಬಳಿ ಕೂತಿದ್ದಾಗ ಹೊತ್ತು ಮುಳುಗಿದ್ದು ಗೊತ್ತಾಗಲಿಲ್ಲ. ಅಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಗೇಟಿನ ಕಡೆ ನೋಡಿ ಗಟ್ಟಿಯಾಗಿ "ಓ" ಅಂದೆ.

"ಯಾರ ಕರದ್ರ?" ಎಂದಳು ಅಮ್ಮ ಒಳಗಿನಿಂದ.

"ಯಾರೂ ಇಲ್ಲ" ಎಂದೆ. ಖರೇನೇ ಯಾರೂ ಕರೆದಿರಲಿಲ್ಲ.